ಪೋಕರ್ ಪಂದ್ಯಾವಳಿ: ಎಚ್ಚರಿಕೆಯ ಹಿಂದಿರುವ ಲೆಕ್ಕಾಚಾರ

ಇಸ್ಪೀಟಿನಲ್ಲಿ ಧೈರ್ಯವಂತನಿಗೇ ಜಯ ಎಂಬ ನಂಬಿಕೆ ಬಹಳ ಹಳೆಯದು. ಟಿ.ವಿ.ಯಲ್ಲಿ ಪೋಕರ್ ನೋಡಿದವರಿಗಂತೂ, ತನ್ನ ಮುಂದಿನ ಬಿಲ್ಲೆಗಳನ್ನೆಲ್ಲ ಒಮ್ಮೆಗೇ ಮೇಜಿನ ನಡುವೆ ತಳ್ಳುವ ಆಟಗಾರನೇ ನಾಯಕನಾಗಿ ಕಾಣುತ್ತಾನೆ. ಪಂದ್ಯಾವಳಿಗಳಲ್ಲಿ ಮತ್ತೆಮತ್ತೆ ಕೊನೆಯ ಮೇಜಿನವರೆಗೆ ಬಂದವರು ಮಾತ್ರ ಇಂತಹ ಧೈರ್ಯವನ್ನು ಬಹಳ ಅಳೆದು ತೂಗಿ ಬಳಸಿದ್ದಾರೆ.

ಸಾಮಾನ್ಯ ಪೋಕರ್‌ನಲ್ಲಿ ಬಿಲ್ಲೆಯೆಂದರೆ ಹಣವೇ. ಸೋತವನು ಜೇಬಿನಿಂದ ಮತ್ತಷ್ಟು ತೆಗೆದು ಆಟ ಮುಂದುವರಿಸಬಹುದು. ಅಮೆರಿಕದ ಲಾಸ್ ವೇಗಾಸ್‌ನಲ್ಲಿ ನಡೆಯುವ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಮುಖ್ಯ ಸ್ಪರ್ಧೆಯಲ್ಲಿ ಹಾಗಿಲ್ಲ. 10,000 ಡಾಲರ್ ಪ್ರವೇಶ ಶುಲ್ಕ ತೆತ್ತು ಪಡೆದ ಬಿಲ್ಲೆಗಳು ಮುಗಿದರೆ ಆಟವೇ ಮುಗಿಯಿತು. ಬಹುಮಾನ ಹಂಚಿಕೆಯಾಗುವುದು ಯಾರು ಎಷ್ಟು ಹೊತ್ತು ಉಳಿದರೆಂಬುದರ ಮೇಲೆ. ನಮ್ಮಲ್ಲಿ 101ರ ರಮ್ಮಿ ಆಡಿದವರಿಗೆ ಇದರ ಮರ್ಮ ಬೇಗ ಹೊಳೆಯುತ್ತದೆ. ಕೆಟ್ಟ ಎಲೆ ಬಂದಾಗ 20 ಅಂಕ ಹೊತ್ತು ಮೊದಲೇ ‘ಡ್ರಾಪ್’ ಆಗುವವನು ಹೇಡಿಯಲ್ಲ. (ಹಣ ಪಣವಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದೆ ಎಂಬುದನ್ನು ಇಲ್ಲಿ ನೆನಪಿಡಬೇಕು.)

ಒಂದು ಉದಾಹರಣೆ ನೋಡೋಣ. ಮೂವರು ಉಳಿದಿದ್ದಾರೆ, ಎಲ್ಲರ ಬಳಿಯೂ ಸಮಾನ ಬಿಲ್ಲೆಗಳಿವೆ. ಬಹುಮಾನ ಕ್ರಮವಾಗಿ 50, 30 ಮತ್ತು 20 ಸಾವಿರ ಡಾಲರ್. ಸದ್ಯಕ್ಕೆ ಪ್ರತಿಯೊಬ್ಬರ ಸ್ಥಾನದ ಬೆಲೆ ಸುಮಾರು 33,333 ಡಾಲರ್. ಇವರಲ್ಲಿ ಇಬ್ಬರು ಇದ್ದದ್ದೆಲ್ಲವನ್ನೂ ಒಡ್ಡಿ ಸೆಣಸಿದರೆನ್ನಿ. ಸೋತವನು 20,000 ಪಡೆದು ಹೊರನಡೆಯುತ್ತಾನೆ. ಗೆದ್ದವನ ಬಿಲ್ಲೆಗಳು ಇಮ್ಮಡಿಯಾದರೂ ಅವನ ಸ್ಥಾನದ ಬೆಲೆ ಇಮ್ಮಡಿಯಾಗುವುದಿಲ್ಲ, 43,333ಕ್ಕೆ ಏರುತ್ತದೆ ಅಷ್ಟೇ. ಉಳಿದ 3,333 ಎಲ್ಲಿ ಹೋಯಿತು? ಕೈಕಟ್ಟಿ ನೋಡುತ್ತ ಕುಳಿತ ಮೂರನೆಯವನ ಪಾಲಿಗೆ! ಅವನ ಸ್ಥಾನವೀಗ 36,667 ಡಾಲರ್ ಬಾಳುತ್ತದೆ.

ಅಂದರೆ ಕಳೆಯುವುದು 13,333, ಗಳಿಸುವುದು 10,000. ಈ ಸೆಣಸಾಟ ಲಾಭದಾಯಕವಾಗಬೇಕಾದರೆ ಗೆಲ್ಲುವ ಸಂಭವ ಶೇ. 57ನ್ನು ಮೀರಬೇಕು. ಕೈಯಲ್ಲಿ ಜೋಡಿ ಎಂಟು ಇದ್ದು, ಎದುರಾಳಿಯ ಬಳಿ ಬೇರೆ ಬೇರೆ ಬಣ್ಣದ ಎಕ್ಕ ಮತ್ತು ರಾಜ ಇದ್ದರೆ ಜೋಡಿ ಗೆಲ್ಲುವ ಸಂಭವ ಸುಮಾರು ಶೇ. 55. ಮೇಲುಗೈ ಇರುವ ಈ ಎಲೆಗಳನ್ನೂ ಕೆಳಗಿಡುವುದೇ ಇಲ್ಲಿ ಜಾಣತನ. ಹೊಸಬರಿಗೆ ಅತ್ಯಂತ ಕಷ್ಟವಾಗುವುದು ಈ ಪಾಠವೇ.

ಇದನ್ನು ಆಡಿ ತೋರಿಸಿದವರಲ್ಲಿ ಡ್ಯಾನ್ ಹ್ಯಾರಿಂಗ್ಟನ್ ಪ್ರಮುಖರು. ವಕೀಲರೂ ಚದುರಂಗದ ಆಟಗಾರರೂ ಆಗಿದ್ದ ಅವರು 1995ರಲ್ಲಿ ಮುಖ್ಯ ಸ್ಪರ್ಧೆ ಗೆದ್ದರು. 2003ರಲ್ಲಿ 839 ಮಂದಿಯ ನಡುವೆ ಮೂರನೆಯ ಸ್ಥಾನ, ಮರುವರ್ಷ 2,576 ಮಂದಿಯ ನಡುವೆ ನಾಲ್ಕನೆಯ ಸ್ಥಾನ ಅವರದಾಯಿತು. ತಾಳ್ಮೆಯ ಆಟಕ್ಕೆ ಹೆಸರಾದ ಇವರನ್ನು ಗೆಳೆಯರು ‘ಆ್ಯಕ್ಷನ್ ಡ್ಯಾನ್’ ಎಂದು ತಮಾಷೆಗೆ ಕರೆಯುತ್ತಿದ್ದರು.

ಹಾಗೆಂದು ಒಳ್ಳೆಯ ಎಲೆಗಾಗಿ ಕಾಯುತ್ತಲೇ ಕೂರುವಂತಿಲ್ಲ. ಎಲೆ ನೋಡುವ ಮೊದಲೇ ಸರದಿಯಂತೆ ಇಡಬೇಕಾದ ಕಡ್ಡಾಯ ಪಣ ಕಾಲಕಾಲಕ್ಕೆ ಏರುತ್ತಲೇ ಇರುತ್ತದೆ. ತನ್ನ ಬಿಲ್ಲೆಗಳನ್ನು ಒಂದು ಸುತ್ತಿನ ಕಡ್ಡಾಯ ಪಣದ ಮೊತ್ತದಿಂದ ಭಾಗಿಸಿ ನೋಡುವುದು ಹ್ಯಾರಿಂಗ್ಟನ್ ತಮ್ಮ ಪುಸ್ತಕದಲ್ಲಿ ಹೇಳುವ ಕ್ರಮ. ಸುತ್ತಿಗೆ 500 ತೆರಬೇಕಾದಾಗ ಕೈಯಲ್ಲಿ 10,000 ಇದ್ದರೆ ಭಾಗಲಬ್ಧ 20, ಕಾಯಲು ಸಾಕಷ್ಟು ಅವಕಾಶವಿದೆ. ಅದೇ ಮೊತ್ತ 2,000 ಆದಾಗ ಭಾಗಲಬ್ಧ 5ಕ್ಕೆ ಇಳಿಯುತ್ತದೆ. ಅಲ್ಲಿಂದ ಮುಂದೆ ಕಾಯುವುದೇ ಅಪಾಯ. ಸಾಧಾರಣ ಎಲೆ ಹಿಡಿದಾದರೂ ಎಲ್ಲವನ್ನೂ ಒಡ್ಡಬೇಕಾಗುತ್ತದೆ. ಆಗಲೂ ಬೇರೆಯವರ ಪಣಕ್ಕೆ ಓಗೊಡುವುದಕ್ಕಿಂತ ತಾನೇ ಮೊದಲು ಒಡ್ಡುವುದು ಮೇಲು, ಏಕೆಂದರೆ ಎದುರಾಳಿಗಳು ಹೋರಾಡದೆಯೇ ಹಿಂದೆ ಸರಿಯುವ ಸಾಧ್ಯತೆಯಿರುತ್ತದೆ.

ಎಚ್ಚರಿಕೆಯ ಆಟಗಾರನೆಂಬ ಹೆಸರಿಗೂ ಬೆಲೆಯುಂಟು. 2004ರ ಅಂತಿಮ ಮೇಜಿನಲ್ಲಿ ತಮಗಿಂತ ಮೊದಲೇ ಎದುರಾಳಿಗಳು ಪಣಕ್ಕಿಳಿದಿದ್ದಾಗ ಹ್ಯಾರಿಂಗ್ಟನ್ ಅದನ್ನು ದೊಡ್ಡದಾಗಿ ಏರಿಸಿದರು. ಇಷ್ಟು ಸಂಯಮಿ ಪಣ ಏರಿಸಿದ್ದಾರೆಂದರೆ ಭಾರೀ ಎಲೆಯೇ ಇರಬೇಕೆಂದು ಉಳಿದವರು ಎಲೆ ಕೆಳಗಿಟ್ಟರು. ಅವರ ಕೈಯಲ್ಲಿದ್ದುದು ಒಂದು ಆರು, ಒಂದು ಎರಡು.