ವಖಾರಿಗಳ ಊರಲ್ಲಿ ದೇಣಿಗೆ ಡಬ್ಬಿ

ನಿಪ್ಪಾಣಿಯಲ್ಲಿ ಕ್ಯಾನ್ಸರ್ ರೋಗಿಗಳ ಹೆಸರಿನಲ್ಲಿ ಡಬ್ಬಿ ಹಿಡಿದು ಹೊರಟವರಿಗೆ ಪೇಟೆಯ ಮೊದಲ ತಿರುವಿನಲ್ಲೇ ಒಂದು ಪೇಚು ಎದುರಾಗುತ್ತದೆ: ತಂಬಾಕಿನ ರೊಕ್ಕ ತೆಗೆದುಕೊಳ್ಳಬೇಕೋ ಬೇಡವೋ? ಬೇಡ ಎಂದಾದರೆ ಡಬ್ಬಿ ಖಾಲಿಯೇ ವಾಪಸ್ ಬರುತ್ತದೆ. ಕಿರಾಣಿ ಅಂಗಡಿ, ಬಟ್ಟೆ ಅಂಗಡಿ, ಟ್ಯೂಷನ್ ಕ್ಲಾಸು, ಯಾವುದರ ಗಲ್ಲೆ ತೆಗೆದರೂ ಅದರೊಳಗಿನ ದುಡ್ಡು ಎಲ್ಲೋ ಒಂದು ವಖಾರಿಯನ್ನು ಹಾದು ಬಂದಿರುತ್ತದೆ.

‘ಅವ್ರ ಕೊಡ್ತಾರ್ರೀ ಸರ್ರ, ಖರೇನ ಕೊಡ್ತಾರ. ಫೋಟೋ ಅಷ್ಟ ತಗೀಬ್ಯಾಡ್ರಿ ಅಂತಾರ’ ಎಂದು ನಕ್ಕಳು ಜೊತೆಗೆ ಬಂದ ಎನ್‌ಎಸ್‌ಎಸ್ ವಿದ್ಯಾರ್ಥಿನಿ.

ತಂಬಾಕಿನ ಗೋದಾಮೇ ಇಲ್ಲಿನ ವಖಾರಿ. ಬಾಗಿಲಿಗೆ ಬರುವ ಮೊದಲೇ ಘಾಟು ಮೂಗಿಗೆ ಏರುತ್ತದೆ. ಒಳಗೆ ಸೆರಗನ್ನು ಮೂಗು ಬಾಯಿಗೆ ಬಿಗಿದುಕೊಂಡ ಹೆಂಗಸರು ಎಲೆಯ ಪುಡಿ ಜರಡಿ ಹಿಡಿಯುತ್ತಾರೆ, ಕಡ್ಡಿ ಬೇರೆ ಮಾಡುತ್ತಾರೆ. ಅಭ್ಯಾಸವಿಲ್ಲದವನು ಹತ್ತು ನಿಮಿಷ ನಿಂತರೆ ಸೀನಿ ಸೀನಿ ಹೈರಾಣ. ಈ ಹೆಂಗಸರು 1980ರ ಆಸುಪಾಸಿನಲ್ಲಿ ಸಂಘ ಕಟ್ಟಿ ಮಾಲೀಕರ ಎದುರು ನಿಂತದ್ದರ ಬಗ್ಗೆ ದೀಪಾ ಧನರಾಜ್ ಮತ್ತು ಸಂಗಡಿಗರ ಯುಗಾಂತರ್ ಬಳಗ ‘ತಂಬಾಕು ಚಾಕಿಲಾ ಊಬ್ ಆಲಿ’ ಎಂಬ ಸಾಕ್ಷ್ಯಚಿತ್ರ ಮಾಡಿದೆ. ಬೆಳೆಗಾರರ ಕಥೆಯೂ ಸುಖದ್ದಲ್ಲ. ರೈತ ನಾಯಕ ಶರದ್ ಜೋಶಿಯವರ ಹಿಂದೆ ಹೆದ್ದಾರಿಯಲ್ಲಿ ಕೂತು ನ್ಯಾಯವಾದ ಬೆಲೆ ಕೇಳಿದ ರೈತರ ಮೇಲೆ 1981ರ ಏಪ್ರಿಲ್ 6ರಂದು ಗೋಲಿಬಾರ್ ನಡೆದು ಹೆಣಗಳು ಬಿದ್ದವು. ತಂಬಾಕಿಗಾಗಿ ಇಷ್ಟೆಲ್ಲ ತೆತ್ತ ಊರಿನಲ್ಲಿ ನಿಂತು ‘ತಂಬಾಕು ಕೆಟ್ಟದ್ದು’ ಎಂದು ಘೋಷಣೆ ಕೂಗುವುದು ಸುಲಭವಲ್ಲ. ಶಾಲೆ ಕಾಲೇಜಿನ ನೂರು ಗಜದೊಳಗೆ ತಂಬಾಕು ಮಾರಬಾರದೆಂಬ 2003ರ ಕಾಯ್ದೆಯ ಫಲಕಕ್ಕೂ ಇಲ್ಲಿ ಘಾಟಿನ ಗಾಳಿಯೇ ಬೀಸುತ್ತಿರುತ್ತದೆ.

ಪೇಟೆ ದಾಟಿ ಬೀಡಿ ಕಟ್ಟುವವರ ಓಣಿಗೆ ಬಂದೆವು. ಹೊಸ್ತಿಲಲ್ಲಿ ಮೊರ, ಮೊರದಲ್ಲಿ ಕತ್ತರಿಸಿದ ಎಲೆ, ತಂಬಾಕಿನ ಪುಡಿ, ದಾರ. ಸಾವಿರ ಬೀಡಿಗೆ ಇಷ್ಟು ಎಂದು ಮಜೂರಿ. ‘ಮಾವಶಿ, ಕಾರ್ಡ್ ಐತೇನ್ರಿ?’ ಎಂದು ಹುಡುಗಿ ಕೇಳಿದಳು. ಡಬ್ಬಿಯನ್ನು ಚೀಲದೊಳಗೆ ಸೇರಿಸಿಬಿಟ್ಟಿದ್ದಳು. ಈ ಓಣಿಯಲ್ಲಿ ಕೇಳಬೇಕಾದದ್ದು ದುಡ್ಡನ್ನಲ್ಲ, ಕಾರ್ಡನ್ನು.

ಬೀಡಿ ಕಾರ್ಮಿಕರ ಕಲ್ಯಾಣ ನಿಧಿ ಕಾಯ್ದೆ 1976ರದ್ದು. ಜಿಎಸ್‌ಟಿ ಬರುವವರೆಗೆ, ಅಂದರೆ 2017ರವರೆಗೆ, ಬೀಡಿಯ ಮೇಲೆ ಹಾಕಿದ ಸೆಸ್ಸೇ ಈ ನಿಧಿಗೆ ಆಸರೆಯಾಗಿತ್ತು. ಈ ಕಾರ್ಡು, ಅಂದರೆ ಗುರುತಿನ ಚೀಟಿ, ಇರುವ ಕಾರ್ಮಿಕರಿಗೂ ಅವರ ಅವಲಂಬಿತರಿಗೂ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಆದ ಕ್ಯಾನ್ಸರ್ ಚಿಕಿತ್ಸೆಯ ಖರ್ಚು ಮರಳಿ ಕೊಡುವ ಯೋಜನೆಯನ್ನು ಕಾರ್ಮಿಕ ಇಲಾಖೆ ಇದರಡಿ ತಂದಿತು. ಮಕ್ಕಳ ವಿದ್ಯಾರ್ಥಿವೇತನಕ್ಕೂ ಇದೇ ಚೀಟಿ ಬೇಕು. ಬೀಡಿಯ ಸುಂಕದಿಂದ ಓದಿದ ಮಗ, ಅದೇ ಸುಂಕದಿಂದ ಅಪ್ಪನ ಬಾಯಿ ಕ್ಯಾನ್ಸರಿಗೆ ಚಿಕಿತ್ಸೆ! ವ್ಯಂಗ್ಯವನ್ನು ಬದಿಗಿಟ್ಟು ಲೆಕ್ಕ ಹಾಕಿದರೆ, ಒಂದು ಬಿಲ್ಲು ಸರಿಯಾದ ಕಚೇರಿಗೆ ಸರಿಯಾದ ಕಾಗದದ ಜೊತೆ ಮುಟ್ಟಿದರೆ ಸಿಗುವ ಮೊತ್ತ ಒಂದು ವಾರ ಡಬ್ಬಿ ಅಲ್ಲಾಡಿಸಿದರೂ ಸಿಗಲಾರದು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕವೂ ಇದೆ. ಆದರೆ ರೇಷನ್ ಕಾರ್ಡಿನಲ್ಲಿ ಒಂದು ಹೆಸರು, ಆಧಾರ್ ಕಾರ್ಡಿನಲ್ಲಿ ಇನ್ನೊಂದು. ವರದಿ ಇಂಗ್ಲಿಷಿನಲ್ಲಿ, ಕೌಂಟರು ಕನ್ನಡದಲ್ಲಿ, ಮನೆಮಾತು ಮರಾಠಿ. ಮೂರೂ ಬಲ್ಲವರು ಈ ಓಣಿಯ ಕಾಲೇಜು ಮಕ್ಕಳೇ. ಎರಡು ವರ್ಷಕ್ಕೆ 240 ಗಂಟೆ ಸೇವೆ ಕೇಳುವ ಎನ್‌ಎಸ್‌ಎಸ್, ಗಿಡ ನೆಡುವುದರ ಜೊತೆಗೆ ಈ ಅರ್ಜಿ ತುಂಬುವುದನ್ನೂ ಗಂಟೆಯ ಲೆಕ್ಕಕ್ಕೆ ಹಿಡಿಯಬೇಕು ಎಂಬುದು ನನ್ನ ವಾದ.

ಸೆಪ್ಟೆಂಬರ್ 22ರಂದು ಕೆನಡಾದ ಬಾಲಕಿ ಮೆಲಿಂಡಾ ರೋಸ್ ನೆನಪಿನಲ್ಲಿ ಕ್ಯಾನ್ಸರ್ ರೋಗಿಗಳಿಗಾಗಿ ಆಚರಿಸುವ ಗುಲಾಬಿ ದಿನವೂ ಒಳ್ಳೆಯದೇ. ಆದರೆ ಕೀಮೋ ವಾರ್ಡಿನ ಒಳಗೆ ಸೋಂಕಿನ ಭಯಕ್ಕೆ ಅನೇಕ ಕಡೆ ಹೂವನ್ನೇ ಬಿಡುವುದಿಲ್ಲ.

ಬಸ್ ನಿಲ್ದಾಣಕ್ಕೆ ಮರಳಿದೆವು. ಊರಿಗೆ ರೈಲಿಲ್ಲ, ಎಲ್ಲಕ್ಕೂ ಇದೇ ಗತಿ. ಬೆಳಗಾವಿ ಸುಮಾರು 75 ಕಿಲೋಮೀಟರ್, ಅಲ್ಲಿ ಕೆಎಲ್‌ಇಯ ಕ್ಯಾನ್ಸರ್ ಆಸ್ಪತ್ರೆಯನ್ನು ರಾಷ್ಟ್ರಪತಿ ದ್ರೌಪದಿ ಮುರ್ಮು 2025ರ ಜನವರಿ 3ರಂದು ಉದ್ಘಾಟಿಸಿದರು. ಕೊಲ್ಹಾಪುರ ಅದರ ಅರ್ಧದಷ್ಟು ದೂರ, ಆದರೆ ರಾಜ್ಯ ಬೇರೆ. ಯಾವ ಕಾರ್ಡು ಅಲ್ಲಿ ನಡೆಯುತ್ತದೆಂದು ಹೊರಡುವ ಮೊದಲೇ ವಿಚಾರಿಸಿಕೊಳ್ಳಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರು ಬೆಳಗಾವಿಗೆ ಟಿಕೆಟ್ಟಿಗೆ ದುಡ್ಡು ಕೊಡದೆ ಹೋಗಿ ಬರಬಹುದು. ಗಡಿಯ ಕೊಗನೊಳಿ ದಾಟಿ ಕೊಲ್ಹಾಪುರಕ್ಕೆ ಹೋದರೆ ಆ ಸವಲತ್ತಿಲ್ಲ. ಗಂಡಸರಿಗಂತೂ ಎತ್ತ ಹೋದರೂ ಟಿಕೆಟ್ಟಿನ ಖರ್ಚು. ಬೆಳಗಾವಿಯಿಂದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೊರಟರೆ ರೈಲಿನ ಸ್ಲೀಪರಿನಲ್ಲಿ ರೋಗಿಗೆ ಪೂರ್ತಿ, ಜೊತೆಗಾರನಿಗೆ ಮುಕ್ಕಾಲು ರಿಯಾಯಿತಿ ಉಂಟು. ಅದಕ್ಕೂ ಆಸ್ಪತ್ರೆಯ ಪ್ರಮಾಣಪತ್ರ ಬೇಕು.

ಬಾಯಿ, ಗಂಟಲಿನ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಎಂದರೆ ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ಆರೇಳು ವಾರ. ದಿನವೂ ಜೊತೆಗೆ ಹೋಗುವ ಮಗ ಅಷ್ಟೂ ದಿನದ ಪಗಾರ ಬಿಡಬೇಕು. ಅರ್ಧಕ್ಕೆ ಚಿಕಿತ್ಸೆ ಬಿಡುವವರನ್ನು ಸೋಲಿಸುವುದು ಎಷ್ಟೋ ಸಲ ಈ ಓಡಾಟವೇ. ಡಬ್ಬಿಯ ದುಡ್ಡು ಸೇರಬೇಕಾದದ್ದು ಇಲ್ಲಿಗೆ: ಜೊತೆಗಾರನ ಟಿಕೆಟ್ಟು, ಮಧ್ಯಾಹ್ನದ ಊಟ, ಬಾಯಿ ಹುಣ್ಣಾದವರಿಗೆ ಗಂಜಿ, ಹಾಲು, ಝೆರಾಕ್ಸು. ರಸೀದಿ ಪುಸ್ತಕ ಮಾತ್ರ ಕಡ್ಡಾಯ, ಇಲ್ಲದಿದ್ದರೆ ಮುಂದಿನ ವರ್ಷ ಯಾವ ಅಂಗಡಿಯವರೂ ಕೈ ಬಿಚ್ಚುವುದಿಲ್ಲ.

‘ನಾವ ಸರದಿ ಹಾಕ್ಕೊಂಡ ಹೋಗಬಹುದ್ರೀ. ಪರೀಕ್ಷಾ ಬಂದ್ರ ಏನ್ ಮಾಡೂದು?’ ಎಂದಳು ಹುಡುಗಿ. ಕೇಳಬೇಕಾದ ಮಾತೇ. ಅದಕ್ಕೆ ಗಡಿಯೇ ಒಂದು ದಾರಿ ತೋರಿಸೀತು. ನಿಪ್ಪಾಣಿಯ ಜಿ.ಐ. ಬಾಗೇವಾಡಿ ಕಾಲೇಜು ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ್ದು. ಊರಿಗೆ ಅಂಟಿಕೊಂಡೇ ಇರುವ ಅರ್ಜುನನಗರದ ದೇವಚಂದ್ ಕಾಲೇಜು ಮಹಾರಾಷ್ಟ್ರಕ್ಕೆ ಸೇರಿದ್ದು, ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದ ವೇಳಾಪಟ್ಟಿಯಲ್ಲಿ ನಡೆಯುವಂಥದು. ಎರಡೂ ಕಡೆಯ ಮಕ್ಕಳು ಸರದಿ ಹಂಚಿಕೊಂಡರೆ, ಒಬ್ಬರು ಹಾಲ್‌ಟಿಕೆಟ್ ಹಿಡಿದು ಕೂತ ವಾರ ಇನ್ನೊಬ್ಬರು ಬೆಳಗಾವಿ ಬಸ್ಸು ಹತ್ತಬಹುದು.