ರಿಯಾಯಿತಿಯ ಆಟ ಕೊಳ್ಳುವ ಮುನ್ನ

ಅರ್ಧ ಬೆಲೆಯೆಂದು ಒಗಟಿನ ವಿಡಿಯೋ ಗೇಮ್ ಕೊಳ್ಳಲು ಹೊರಟಿದ್ದೀರಾ? ಸ್ವಲ್ಪ ತಾಳಿ. ಲೂಕಾಸ್ ಪೋಪ್ 2018ರಲ್ಲಿ ಹೊರತಂದ ‘ರಿಟರ್ನ್ ಆಫ್ ದಿ ಒಬ್ರಾ ಡಿನ್’ ಆಟವನ್ನೇ ನೋಡಿ. ಅದರ ಕಥೆಯಲ್ಲಿ, 1807ರಲ್ಲಿ ನಾವಿಕರಿಲ್ಲದೆ ಹಡಗೊಂದು ತೇಲಿಬರುತ್ತದೆ. ಅದರಲ್ಲಿದ್ದ 60 ಜನರ ಹೆಸರೇನು, ಗತಿಯೇನಾಯಿತು ಎಂಬುದನ್ನು ವಿಮಾ ತನಿಖಾಧಿಕಾರಿಯಾಗಿ ನೀವೇ ಪತ್ತೆಮಾಡಬೇಕು. ಉಡುಪು, ಮಾತಿನ ಧಾಟಿ, ಮಲಗುವ ತೂಗುಹಾಸಿಗೆಯ ಸಂಖ್ಯೆ ಕೂಡ ಸುಳಿವೇ! ಬಹುಮಟ್ಟಿಗೆ ಮೂವರ ಉತ್ತರ ಒಟ್ಟಿಗೆ ಸರಿಯಾದರಷ್ಟೇ ಆಟ ಒಪ್ಪುತ್ತದೆ. ಬರಿಯ ಊಹೆ ಸಾಲದು.

ಆದರೆ ಒಮ್ಮೆ ಬಿಡಿಸಿದ ಒಗಟು ಮತ್ತೆ ಒಗಟಲ್ಲ. ತಾಳ್ಮೆಗೆಟ್ಟು ಬೇರೆಡೆ ಉತ್ತರ ನೋಡಿಬಿಟ್ಟಿರೋ, ಕೈಖರ್ಚಿನ ಹಣ ಹೋದಂತೆಯೇ. ‘ಸ್ಟೀಮ್’ ಮಳಿಗೆಯಲ್ಲಿ ಕೊಂಡ ಆಟವನ್ನು 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ, ಹಿಂದಿರುಗಿಸಿ ಹಣ ಕೇಳಬಹುದು. ಅಷ್ಟರೊಳಗೆ ನೋಡಿದ ದೃಶ್ಯವನ್ನೇ ಮತ್ತೊಮ್ಮೆ ನೋಡುವ ಹಂಬಲ ಹುಟ್ಟಿದರೆ, ಇಟ್ಟುಕೊಳ್ಳಿ.