ಊಟದ ಮೊದಲ ತುತ್ತಿಗೆ ಒಂದೆಲಗ

ಮಲೆನಾಡು, ಕರಾವಳಿಯ ಎಷ್ಟೋ ಮನೆಗಳಲ್ಲಿ ಮಧ್ಯಾಹ್ನದ ಊಟದ ಮೊದಲ ತುತ್ತು ತಂಬುಳಿ ಅನ್ನದ್ದು. ಅದರಲ್ಲೂ ಒಂದೆಲಗದ ತಂಬುಳಿಗೆ ವಿಶೇಷ ಮರ್ಯಾದೆ. ಪರೀಕ್ಷೆಯ ಭಯದಲ್ಲಿರುವ ಮಕ್ಕಳಿಗೆ, ರಾತ್ರಿಯಿಡೀ ಮಗ್ಗುಲು ಬದಲಿಸುವ ಹಿರಿಯರಿಗೆ, ತಲೆ ತುಂಬ ಚಿಂತೆ ತುಂಬಿಕೊಂಡವರಿಗೆ ಅಜ್ಜಿಯಂದಿರು ಮೊದಲು ನೆನೆಯುವ ಸೊಪ್ಪು ಇದು. ಬಾವಿಕಟ್ಟೆಯ ಸುತ್ತ, ಅಡಿಕೆ ತೋಟದ ತೇವದಲ್ಲಿ ನೆಲಕ್ಕಂಟಿ ಹಬ್ಬುವ ಇದಕ್ಕೆ ತುಳುವಿನಲ್ಲಿ ತಿಮರೆ ಎನ್ನುತ್ತಾರೆ.

ಮಾಡುವ ಕ್ರಮ ಸರಳ. ಒಂದು ಹಿಡಿ ಸೊಪ್ಪನ್ನು ದಂಟು, ಬೇರಿನ ಸಮೇತ ಕಿತ್ತು, ಮಣ್ಣು ಹೋಗುವವರೆಗೆ ನಾಲ್ಕೈದು ನೀರಿನಲ್ಲಿ ತೊಳೆಯಬೇಕು. ಚಮಚ ತುಪ್ಪದಲ್ಲಿ ಜೀರಿಗೆ, ಕಾಳುಮೆಣಸು ಚಟಪಟ ಅಂದಮೇಲೆ ಸೊಪ್ಪು ಹಾಕಿ ಬಾಡಿಸಿ, ಕಾಯಿತುರಿಯೊಂದಿಗೆ ನುಣ್ಣಗೆ ರುಬ್ಬಿ, ಕಡೆದ ಮಜ್ಜಿಗೆಗೆ ಬೆರೆಸಿ ಉಪ್ಪು ಹಾಕಿದರೆ ಆಯಿತು. ಮೇಲೊಂದು ಸಾಸಿವೆ ಒಗ್ಗರಣೆ. ಮತ್ತೆ ಕುದಿಸುವಂತಿಲ್ಲ. ಕೆಲವರು ಸೊಪ್ಪನ್ನು ಬಾಡಿಸದೆ ಹಸಿಯಾಗಿಯೇ ಅರೆಯುತ್ತಾರೆ. ಆಗ ಹಸಿರು ಇನ್ನೂ ಗಾಢ, ಒಗರು ಇನ್ನೂ ಹೆಚ್ಚು.

ಅಡುಗೆಮನೆಯ ಈ ನಂಬಿಕೆಗೆ ಶಾಸ್ತ್ರದ ಬೆಂಬಲವೂ ಇದೆ. ಚರಕ ಸಂಹಿತೆ ನಾಲ್ಕು ಮೇಧ್ಯ ರಸಾಯನಗಳನ್ನು, ಅಂದರೆ ಬುದ್ಧಿಗೆ ಬಲ ಕೊಡುವ ಮದ್ದುಗಳನ್ನು, ಹೇಳುತ್ತದೆ: ಮಂಡೂಕಪರ್ಣಿಯ ರಸ, ಹಾಲಿನೊಂದಿಗೆ ಜೇಷ್ಠಮಧುವಿನ ಪುಡಿ, ಅಮೃತಬಳ್ಳಿಯ ರಸ, ಶಂಖಪುಷ್ಪಿಯನ್ನು ಅರೆದ ಕಲ್ಕ. ಈ ಮಂಡೂಕಪರ್ಣಿಯೇ ನಮ್ಮ ಒಂದೆಲಗ. 2000ನೇ ಇಸವಿಯಲ್ಲಿ ಪ್ರಕಟವಾದ ಕೆನಡಾದ ಅಧ್ಯಯನವೊಂದರಲ್ಲಿ 40 ಮಂದಿ ಆರೋಗ್ಯವಂತರ ಪೈಕಿ ಕೆಲವರಿಗೆ 12 ಗ್ರಾಂ ಒಂದೆಲಗ, ಉಳಿದವರಿಗೆ ಒಂದೆಲಗವಿಲ್ಲದ ತೋರಿಕೆಯ ಮದ್ದು ಕೊಟ್ಟಿದ್ದರು. ದಿಢೀರ್ ಸದ್ದಿಗೆ ಬೆಚ್ಚಿಬೀಳುವುದು ಒಂದೆಲಗ ತೆಗೆದುಕೊಂಡವರಲ್ಲಿ ಒಂದು ಗಂಟೆಯೊಳಗೆ ಕಡಿಮೆಯಾಗಿತ್ತು. ಇದೊಂದು ಸಣ್ಣ ಪ್ರಯೋಗ. ಆತಂಕದ ಕಾಯಿಲೆ ವಾಸಿಯಾಗುತ್ತದೆ ಎನ್ನಲು ಇಷ್ಟು ಸಾಲದು.

ಕೊಳ್ಳುವಾಗ ಗೊಂದಲ ಸಹಜ, ಏಕೆಂದರೆ ಎರಡು ಬೇರೆ ಬೇರೆ ಗಿಡಗಳು ಬ್ರಾಹ್ಮಿ ಎಂಬ ಹೆಸರಿನಲ್ಲಿ ಮಾರಾಟವಾಗುತ್ತವೆ. ಒಂದೆಲಗದ್ದು ಅಂಚು ಕಚ್ಚುಕಚ್ಚಾದ ದುಂಡನೆಯ ಎಲೆ, ಉದ್ದ ತೊಟ್ಟು. ನೀರುಬ್ರಾಹ್ಮಿಯದು ದಂಟಿನ ಎರಡೂ ಬದಿಗೆ ಜೋಡಿಯಾಗಿ ಬರುವ ಸಣ್ಣ, ದಪ್ಪ ಎಲೆ. ನೆನಪಿನ ಶಕ್ತಿಗೆಂದು ಹೆಸರಾಗಿರುವ ಗುಳಿಗೆಗಳಲ್ಲಿ ಹೆಚ್ಚಾಗಿ ಬಳಕೆಯಾಗುವುದು ಈ ಎರಡನೆಯದು. ಚರಂಡಿಯ ಪಕ್ಕ ಬೆಳೆದ ಸೊಪ್ಪನ್ನಂತೂ ಮುಟ್ಟಲೇಬಾರದು. ಕೊಳಕು ನೀರಿನ ವಿಷವನ್ನೂ ಗಿಡ ಹೀರಿಕೊಳ್ಳುತ್ತದೆ. ಗರ್ಭಿಣಿಯರು, ಯಕೃತ್ತಿನ ತೊಂದರೆ ಇರುವವರು, ನಿದ್ದೆ ಮಾತ್ರೆ ನುಂಗುವವರು ಗುಳಿಗೆ, ಪುಡಿಗಳನ್ನು ವೈದ್ಯರನ್ನು ಕೇಳದೆ ಶುರುಮಾಡಬಾರದು.

ದುಗುಡ ವಾರಗಟ್ಟಲೆ ಉಳಿದು, ನಿದ್ದೆ, ಕೆಲಸ ಎರಡೂ ಕೆಟ್ಟರೆ ಸೊಪ್ಪನ್ನೇ ನಂಬಿ ಕೂರದೆ ವೈದ್ಯರನ್ನು ಕಾಣಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಉಳಿದ ದಿನಗಳಿಗೆ ಒಂದೆಲಗ ಒಳ್ಳೆಯ ಜೊತೆ. ಬೇರು ಬಿಟ್ಟ ಒಂದು ಗೆಣ್ಣನ್ನು ಕುಂಡದಲ್ಲಿ ನೆಟ್ಟು, ಅರೆನೆರಳಲ್ಲಿಟ್ಟು, ಮಣ್ಣು ಒಣಗದಂತೆ ನೋಡಿಕೊಂಡರೆ ಪೇಟೆಯ ಬಾಲ್ಕನಿಯಲ್ಲೂ ಹಬ್ಬುತ್ತದೆ. ವಾರಕ್ಕೊಂದು ದಿನ ಮನೆಮಂದಿಯೆಲ್ಲ ಫೋನು ಬದಿಗಿಟ್ಟು ಒಟ್ಟಿಗೆ ಕೂತು ತಂಬುಳಿ ಅನ್ನ ಉಣ್ಣಲಿ. ಆ ಬಿಡುವೂ ಮದ್ದಿನ ಒಂದು ಭಾಗವೇ.